ಪುನರ್ವಸತಿ ಕೇಂದ್ರ: ಒಂದೇ ಫಲಕ, ಒಳಗೆ ಬೇರೆ ಬೇರೆ ಮನೆ

ಕಲಬುರಗಿ ರೈಲು ನಿಲ್ದಾಣದಲ್ಲೋ ಬೀದರ್ ಬಸ್ ನಿಲ್ದಾಣದಲ್ಲೋ ಅಲೆಯುತ್ತಿದ್ದ ಮಾನಸಿಕ ಅಸ್ವಸ್ಥರೊಬ್ಬರಿಗೆ ಕೂದಲು ಕತ್ತರಿಸಿ, ಸ್ನಾನ ಮಾಡಿಸಿ, ಹೊಸ ಬಟ್ಟೆ ತೊಡಿಸಿ ‘ಪುನರ್ವಸತಿ ಕೇಂದ್ರಕ್ಕೆ’ ಸೇರಿಸಲಾಯಿತು ಎಂಬ ಸುದ್ದಿ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತದೆ. ಜೊತೆಗೆ ಹಿಂದಿನ, ಈಗಿನ ಎರಡು ಫೋಟೊ. ಇನ್ನೊಂದು ದಿನ ಅದೇ ಪುಟದಲ್ಲಿ ಪರವಾನಗಿ ಇಲ್ಲದ ‘ಪುನರ್ವಸತಿ ಕೇಂದ್ರ’ದ ಮೇಲೆ ದಾಳಿ, ಕೂಡಿಹಾಕಿದ್ದವರ ಬಿಡುಗಡೆ ಎಂಬ ಸುದ್ದಿ. ಮಗನಿಗೋ ಅಕ್ಕನಿಗೋ ಇಂಥದ್ದೊಂದು ಜಾಗ ಹುಡುಕುತ್ತಿರುವ ಮನೆಯವರಿಗೆ ಯಾವುದನ್ನು ನಂಬಬೇಕು, ಯಾರನ್ನು ಕೇಳಬೇಕು ಎಂಬುದೇ ತಿಳಿಯುವುದಿಲ್ಲ. ಗೊಂದಲ ಹುಟ್ಟುವುದು ಹೆಸರಿನಲ್ಲೇ. ಕನಿಷ್ಠ ನಾಲ್ಕು ಬೇರೆ ಬೇರೆ ವ್ಯವಸ್ಥೆಗಳಿಗೆ ನಾವು ಒಂದೇ ಹೆಸರಿಟ್ಟು ಕರೆಯುತ್ತಿದ್ದೇವೆ.

ನಾಲ್ಕು ವ್ಯವಸ್ಥೆ, ನಾಲ್ಕು ಲೆಕ್ಕ

ಮೊದಲನೆಯದು ಮದ್ಯವ್ಯಸನ ಬಿಡಿಸುವ ಕೇಂದ್ರ. ಕುಡಿತದ ಚಟ ಬಿಡಿಸುವುದು ಅದರ ಕೆಲಸ. ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗ ಇರುವವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ತಯಾರಿ ಅಲ್ಲಿ ಇರುವುದಿಲ್ಲ.

ಎರಡನೆಯದು ನಿರಾಶ್ರಿತರ ಪರಿಹಾರ ಕೇಂದ್ರ. ಇದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೂಸು. ನಗರದಲ್ಲಿ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ಭಿಕ್ಷುಕರ ಉಪಕರ ಸೇರಿರುತ್ತದಲ್ಲ, ಆ ಹಣ ಇಲ್ಲಿಗೆ. ಬೀದಿಯಲ್ಲಿ ಸಿಕ್ಕವರಲ್ಲಿ ಮಾನಸಿಕ ಕಾಯಿಲೆಯವರೂ ಇರುವುದರಿಂದ ಅವರೂ ಇಲ್ಲಿ ಬಂದು ಸೇರುತ್ತಾರೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಇಂಥ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಅನೇಕರು ಸತ್ತ ಮೇಲಷ್ಟೇ, ಒಳಗೆ ಯಾರ‍್ಯಾರು ಇದ್ದಾರೆ ಎಂದು ರಾಜ್ಯ ತಿರುಗಿ ನೋಡಿತು.

ಮೂರನೆಯದು ‘ಮಾನಸಧಾರಾ’ದಂಥ ಹಗಲು ಆರೈಕೆ ಕೇಂದ್ರ. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಬೇಕು. ಮನೆಯೇ ಇಲ್ಲದವರಿಗೆ, ಅಥವಾ ಅಫಜಲಪುರದ ಆಚೆಯ ಹಳ್ಳಿಯಿಂದ ದಿನಾ ಎರಡು ಬಸ್ಸು ಬದಲಿಸಲಾಗದವರಿಗೆ ಇದು ಒದಗುವುದಿಲ್ಲ.

ನಾಲ್ಕನೆಯದೇ ಈ ಲೇಖನದ ವಿಷಯ: ಹಾಫ್‌ವೇ ಹೋಮ್, ಅಂದರೆ ನಡುದಾರಿಯ ಮನೆ, ಅದರ ಮುಂದಿನ ಮೆಟ್ಟಿಲುಗಳಾದ ಗುಂಪು ಮನೆ ಮತ್ತು ಬೆಂಬಲದೊಂದಿಗಿನ ವಾಸ. ಆಸ್ಪತ್ರೆಯಲ್ಲಿ ಕಾಯಿಲೆ ಹತೋಟಿಗೆ ಬಂದಿದೆ, ಆದರೆ ನೇರ ಮನೆಗೆ ಹೋದರೆ ನಿಲ್ಲುವಷ್ಟು ಬಲ ಬಂದಿಲ್ಲ ಎನ್ನುವವರು ಕೆಲವು ತಿಂಗಳು ಇದ್ದು, ಹಗಲು ರಾತ್ರಿಯ ಬದುಕನ್ನು ಮತ್ತೆ ಕಲಿಯುವ ಜಾಗ ಇದು. ರಾಜ್ಯದ ಹಳೆಯ, ಹೆಸರಾದ ಇಂಥ ಮನೆಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ. ಕಲಬುರಗಿಯಿಂದ ಅದು ಒಂದು ರಾತ್ರಿಯ ಪ್ರಯಾಣ. ಬೀದರಿನವರಿಗೆ ಇನ್ನೂ ದೂರ. ಹೀಗಾಗಿ ಬೀದರಿನ ಜನ ಹತ್ತಿರದ ಹೈದರಾಬಾದಿನ ಕಡೆ ಮುಖ ಮಾಡುವುದು ಸಹಜ. ಆದರೆ ರಾಜ್ಯದ ಗಡಿ ದಾಟಿದ ಕೂಡಲೇ ಪಿಂಚಣಿ, ಆಸ್ಪತ್ರೆಯ ಕಾರ್ಡು ಬೇರೆ ಸರ್ಕಾರದ್ದು.

ಕಾಯ್ದೆ ಏನು ಹೇಳುತ್ತದೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 19ನೇ ಸೆಕ್ಷನ್ ಈ ಚರ್ಚೆಯ ತಾಯಿಬೇರು. ಮನೆಯವರು ಇಲ್ಲ, ಇದ್ದರೂ ಕರೆದುಕೊಳ್ಳುತ್ತಿಲ್ಲ, ಸೂರಿಲ್ಲ, ಊರಿನಲ್ಲಿ ಸೌಲಭ್ಯವಿಲ್ಲ ಎಂಬ ಕಾರಣ ಕೊಟ್ಟು ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಹಾಗಾದರೆ ಅವರು ಹೋಗುವುದೆಲ್ಲಿಗೆ? ಅದಕ್ಕೂ ಉತ್ತರ ಅದೇ ಸೆಕ್ಷನ್‌ನಲ್ಲಿದೆ: ಹಾಫ್‌ವೇ ಹೋಮ್, ಗುಂಪು ಮನೆಗಳನ್ನು ಸರ್ಕಾರ ಒದಗಿಸಬೇಕು ಇಲ್ಲವೇ ಅವುಗಳ ಸ್ಥಾಪನೆಗೆ ನೆರವಾಗಬೇಕು, ‘ಸೂಕ್ತ ಅವಧಿ’ಯೊಳಗೆ. ಆ ಅವಧಿ ಎಷ್ಟು ಎಂದು ಕಾಯ್ದೆ ಹೇಳಲಿಲ್ಲ. ಗಂಟು ಬಿದ್ದಿರುವುದು ಅಲ್ಲೇ. ಹೊರಗೆ ಕಳಿಸಬೇಕೆಂಬ ಆಜ್ಞೆ ಇಂದಿನಿಂದಲೇ, ಕಳಿಸುವ ಜಾಗಕ್ಕೆ ಮಾತ್ರ ತಾರೀಕಿಲ್ಲ.

ಬೀದಿಯಲ್ಲಿ ಸಿಕ್ಕವರ ವಿಷಯದಲ್ಲಿ 100ನೇ ಸೆಕ್ಷನ್ ಸ್ಪಷ್ಟವಾಗಿದೆ. ಪೊಲೀಸರು ಅವರನ್ನು ಠಾಣೆಯ ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಮನೆಯಿಲ್ಲದವರಾದರೆ ಕಾಣೆಯಾದವರೆಂದು ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. ಅಂದರೆ ರಸ್ತೆಯಿಂದ ನೇರವಾಗಿ ಯಾವುದೋ ಕೇಂದ್ರಕ್ಕೆ ಒಯ್ದು ಬಿಟ್ಟರೆ ನಡುವಿನ ಎರಡು ಹೆಜ್ಜೆ ತಪ್ಪಿದಂತೆ. ಮುಂಬೈ, ಚೆನ್ನೈ, ಹೈದರಾಬಾದ್ ಕಡೆಯ ರೈಲುಗಳು ಕೂಡುವ ವಾಡಿ ಜಂಕ್ಷನ್ ಕಲಬುರಗಿ ಜಿಲ್ಲೆಯಲ್ಲೇ ಇರುವಾಗ ಈ ಹೆಜ್ಜೆಗಳಿಗೆ ಹೆಚ್ಚಿನ ತೂಕವಿದೆ. ಸಿಕ್ಕವರು ಒಡಿಯಾವೋ ಬಂಗಾಳಿಯೋ ಮಾತಾಡುವವರಾಗಿದ್ದರೆ, ಅವರ ಊರಿನ ಠಾಣೆಯಲ್ಲಿ ಕಾಣೆಯಾದ ದೂರು ಆಗಲೇ ದಾಖಲಾಗಿರಬಹುದು. ಇಲ್ಲಿ ಎಫ್‌ಐಆರ್ ಆಗದಿದ್ದರೆ ಆ ಎರಡು ಕಾಗದ ಒಂದಕ್ಕೊಂದು ಎದುರಾಗುವುದೇ ಇಲ್ಲ.

ಜಿಲ್ಲಾ ಪುಟಗಳ ಆ ಹಿಂದಿನ, ಈಗಿನ ಫೋಟೊಗಳ ಬಗ್ಗೆಯೂ ಒಂದು ಮಾತು. ರೋಗಿಯ ಒಪ್ಪಿಗೆಯಿಲ್ಲದೆ ಅವರ ಚಿತ್ರ, ಮಾಹಿತಿಯನ್ನು ಮಾಧ್ಯಮಕ್ಕೆ ಕೊಡುವುದನ್ನು 24ನೇ ಸೆಕ್ಷನ್ ತಡೆಯುತ್ತದೆ. ಬಲವಂತವಾಗಿ ತಲೆ ಬೋಳಿಸುವುದನ್ನು 20ನೇ ಸೆಕ್ಷನ್ ನಿಷೇಧಿಸುತ್ತದೆ. ಸೇವೆಯ ಸಾಕ್ಷಿಯೆಂದು ಅಚ್ಚಾಗುವ ಚಿತ್ರದಲ್ಲಿ ಕೆಲವೊಮ್ಮೆ ಎರಡೂ ಉಲ್ಲಂಘನೆ ಒಟ್ಟಿಗೆ ಕಾಣುತ್ತವೆ.

ನೋಂದಣಿಯಿಲ್ಲದೆ ಮಾನಸಿಕ ರೋಗಿಗಳನ್ನು ಇರಿಸಿಕೊಳ್ಳುವ ಸಂಸ್ಥೆಗೆ ಮೊದಲ ಬಾರಿ 5,000ದಿಂದ 50,000 ರೂಪಾಯಿವರೆಗೆ, ಎರಡನೇ ಬಾರಿ 2 ಲಕ್ಷದವರೆಗೆ, ಆಮೇಲೆ 5 ಲಕ್ಷದವರೆಗೆ ದಂಡವಿದೆ. ಹಾಫ್‌ವೇ ಹೋಮ್ ಆಗಲಿ, ಆಶ್ರಮ ಎಂಬ ಹೆಸರಿನದಾಗಲಿ, ರೋಗಿಗಳನ್ನು ದಾಖಲಿಸಿಕೊಂಡು ವಾಸಕ್ಕೆ ಇರಿಸಿದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಬೇಕು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರನ್ನು ಸೇರಿಸಿದರೆ ಮಹಿಳೆ ಅಥವಾ ಮಕ್ಕಳಾದಲ್ಲಿ 3 ದಿನ, ಉಳಿದವರಾದಲ್ಲಿ 7 ದಿನದೊಳಗೆ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಹೀಗೆ ಸೇರಿಸಿದವರನ್ನು 30 ದಿನ ಮೀರಿ ಇಟ್ಟುಕೊಳ್ಳುವುದಕ್ಕೂ ಮಂಡಳಿಯ ಒಪ್ಪಿಗೆ ಬೇಕು. ‘ನಿಮ್ಮವರನ್ನು ಬಿಟ್ಟು ಹೋಗಿ, ಆರು ತಿಂಗಳು ಭೇಟಿ ಇಲ್ಲ’ ಎನ್ನುವ ಜಾಗ ಏನೇ ಹೆಸರು ಹೊತ್ತಿರಲಿ, ಈ ಕಾಯ್ದೆಯ ಪ್ರಕಾರ ನಡೆಯುತ್ತಿಲ್ಲ.

ಒಳಗೆ ನಡೆಯಬೇಕಾದ ಕೆಲಸ

ಊಟ, ಹಾಸಿಗೆ, ಮಾತ್ರೆ ಕೊಟ್ಟರೆ ಹಾಫ್‌ವೇ ಹೋಮ್ ಆಯಿತು ಎಂದು ತಿಳಿದವರು ಬಹಳ. ಈ ಮೂರಷ್ಟೇ ಸಿಕ್ಕರೆ ಅದು ವಾರ್ಡು. ಮಾತ್ರೆಯ ಉದಾಹರಣೆಯನ್ನೇ ನೋಡಿ. ಚೆನ್ನಾಗಿ ನಡೆಯುವ ಮನೆಯಲ್ಲಿ ಮಾತ್ರೆ ನಾಲ್ಕು ಹಂತದಲ್ಲಿ ಕೈ ಬದಲಿಸುತ್ತದೆ. ಮೊದಲು ಸಿಬ್ಬಂದಿ ಎಣಿಸಿ ಕೈಗೆ ಕೊಡುತ್ತಾರೆ. ಬಳಿಕ ನಿವಾಸಿಯೇ ವಾರದ ಡಬ್ಬಿಯಿಂದ ತೆಗೆದು ಸಿಬ್ಬಂದಿಯ ಎದುರಿಗೆ ನುಂಗುತ್ತಾರೆ. ಮೂರನೆಯ ಹಂತದಲ್ಲಿ ಏಳು ದಿನದ ಮಾತ್ರೆ ಅವರ ಕಪಾಟಿನಲ್ಲೇ. ವಾರಾಂತ್ಯಕ್ಕೆ ಉಳಿದದ್ದನ್ನು ಎಣಿಸುತ್ತಾರೆ. ಕೊನೆಗೆ ಅವರೇ ಆಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು, ಚೀಟಿ ತೋರಿಸಿ ತರುತ್ತಾರೆ. ಎಷ್ಟೋ ಕಡೆ ಕೆಲಸ ಮೊದಲ ಹಂತದಲ್ಲೇ ನಿಂತುಬಿಡುತ್ತದೆ, ಏಕೆಂದರೆ ಸಿಬ್ಬಂದಿಗೆ ಅದೇ ಸುಲಭ. ಫಲ ಏನೆಂದರೆ ವರ್ಷದ ನಂತರ ಮನೆಗೆ ಹೋದವರು ಹದಿನೈದೇ ದಿನದಲ್ಲಿ ಮಾತ್ರೆ ಬಿಟ್ಟಿರುತ್ತಾರೆ. ‘ಅಷ್ಟು ದಿನ ಇಟ್ಟರೂ ಗುಣ ಆಗಲಿಲ್ಲ’ ಎಂಬ ಮಾತು ಊರಿನಲ್ಲಿ ಹಬ್ಬುತ್ತದೆ.

ಇನ್ನೊಂದು ಅಪಾಯ ಬೀಡಿಯದು. ತೀವ್ರ ಮನೋರೋಗಕ್ಕೆ ಕೊಡುವ ಒಲಾಂಜಪೈನ್, ಕ್ಲೋಜಪೈನ್ ಔಷಧಿಗಳನ್ನು ಲಿವರ್ ಕರಗಿಸುವ ವೇಗವನ್ನು ಬೀಡಿ, ಸಿಗರೇಟಿನ ಹೊಗೆ ಹೆಚ್ಚಿಸುತ್ತದೆ. ದಿನಕ್ಕೊಂದು ಕಟ್ಟು ಸೇದುವವರು ಕೇಂದ್ರಕ್ಕೆ ಬಂದು ಬೀಡಿ ಬಿಟ್ಟರೆ ಅದೇ ಪ್ರಮಾಣದ ಮಾತ್ರೆಯೇ ರಕ್ತದಲ್ಲಿ ಹೆಚ್ಚು ಉಳಿಯುತ್ತದೆ; ನಿದ್ದೆ, ಜೊಲ್ಲು, ಮಂಪರು ಜಾಸ್ತಿ. ವೈದ್ಯರು ಪ್ರಮಾಣ ಇಳಿಸುತ್ತಾರೆ. ಮನೆಗೆ ಹೋದ ದಿನ ಗೆಳೆಯರ ಜೊತೆ ಬೀಡಿ ಮತ್ತೆ ಶುರು, ಇಳಿಸಿದ ಪ್ರಮಾಣ ಈಗ ಸಾಲದು, ಕೆಲವೇ ವಾರಗಳಲ್ಲಿ ಕಾಯಿಲೆ ಮರುಕಳಿಸುತ್ತದೆ. ಬಿಡುಗಡೆಯ ಚೀಟಿಯಲ್ಲಿ ‘ಧೂಮಪಾನ ಮತ್ತೆ ಶುರುಮಾಡಿದರೆ ತಿಳಿಸಿ’ ಎಂಬ ಒಂದು ಸಾಲು ಇದ್ದರೆ ಇದನ್ನು ತಡೆಯಬಹುದು. ಕ್ಲೋಜಪೈನ್ ಶುರುಮಾಡಿದವರಿಗೆ ಮೊದಲ 18 ವಾರ ಪ್ರತಿವಾರ ಬಿಳಿ ರಕ್ತಕಣದ ಎಣಿಕೆಯೂ ಆಗಬೇಕು. ರಕ್ತ ಪರೀಕ್ಷೆಗೆ ಐವತ್ತು ಕಿಲೋಮೀಟರ್ ಹೋಗಬೇಕಾದ ಜಾಗದಲ್ಲಿ ಆ ಔಷಧಿ ಬರೆಯಲು ವೈದ್ಯರು ಹಿಂಜರಿದರೆ ಆಶ್ಚರ್ಯವಿಲ್ಲ.

ನಮ್ಮ ಕಡೆಯ ಬೇಸಿಗೆಯನ್ನು ಬೆಂಗಳೂರಿನ ಕೈಪಿಡಿಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ಹೊಸದಲ್ಲ. ಮನಸ್ಸಿನ ತೀವ್ರ ಏರಿಳಿತದ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಿಗೆ ಬೆವರಿ ನೀರು, ಉಪ್ಪು ಕಡಿಮೆಯಾದರೆ ಔಷಧಿ ರಕ್ತದಲ್ಲಿ ಕೂಡಿಕೊಂಡು ವಿಷವಾಗುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡಿಗೆ ತೂರಾಡುವುದು ಅದರ ಗುರುತು. ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೆ ಅಪಾಯ ಇನ್ನಷ್ಟು. ಮನೋರೋಗದ ಬೇರೆ ಹಲವು ಮಾತ್ರೆಗಳೂ ಮೈ ತನ್ನನ್ನು ತಾನು ತಂಪಾಗಿಸಿಕೊಳ್ಳುವ ಶಕ್ತಿಯನ್ನು ಕುಗ್ಗಿಸುತ್ತವೆ. ಆದ್ದರಿಂದ ಇಲ್ಲಿ ತಗಡಿನ ಚಾವಣಿಯ ಶೆಡ್ಡಿನಲ್ಲಿ ಮೂವತ್ತು ಮಂದಿಯನ್ನು ಇರಿಸುವುದು ಅನುಕೂಲದ ಕೊರತೆಯಷ್ಟೇ ಅಲ್ಲ, ಜೀವಕ್ಕೆ ಕುತ್ತು. ಬೇಸಿಗೆಗೆ ಮುಂಚೆ ಲಿಥಿಯಂ ಮಟ್ಟದ ರಕ್ತ ಪರೀಕ್ಷೆ, ಮಧ್ಯಾಹ್ನದ ಹೊರಗೆಲಸ ಬಂದ್, ಮಜ್ಜಿಗೆ–ಉಪ್ಪಿನ ಏರ್ಪಾಡು: ಇಷ್ಟಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಉಳಿದದ್ದು ದಿನಬಳಕೆಯ ಕಲಿಕೆ. ರೊಟ್ಟಿ ಬಡಿಯುವುದು, ಸಂತೆಯಲ್ಲಿ ಚಿಲ್ಲರೆ ಎಣಿಸಿ ವಾಪಸ್ ಪಡೆಯುವುದು, ಬ್ಯಾಂಕಿನಲ್ಲಿ ಹೆಬ್ಬೆಟ್ಟಿನ ಬದಲು ಸಹಿ, ಒಬ್ಬರೇ ಬಸ್ ಹತ್ತಿ ಇಳಿಯುವುದು. ಕಾಯಿಲೆಯ ಗದ್ದಲ ಅಡಗಿದ ಮೇಲೂ ಉತ್ಸಾಹ ಬತ್ತಿ ಸುಮ್ಮನೆ ಕೂರುವ ಸ್ಥಿತಿ ಉಳಿಯುತ್ತದೆ. ಅದಕ್ಕೆ ಮಾತ್ರೆಗಿಂತ ಈ ಕೆಲಸಗಳೇ ಹೆಚ್ಚು ಮದ್ದು. ಆದರೆ ಮನೆಯ ನೆಲ ಒರೆಸಿಸಿ, ಹೊಲ ಅಗೆಸಿ ‘ಇದು ಥೆರಪಿ’ ಎನ್ನುವುದಕ್ಕೆ ಕಾಯ್ದೆಯ ಅಡ್ಡಿ ಇದೆ: ಬಲವಂತದ ದುಡಿಮೆ ಕೂಡದು, ದುಡಿದದ್ದಕ್ಕೆ ಕೂಲಿ ಕೊಡಬೇಕು.

ಮನೆಗೆ ಕಳಿಸುವುದನ್ನೂ ಒಮ್ಮೆಗೇ ಮಾಡುವಂತಿಲ್ಲ. ಮೊದಲು ಒಂದು ರಾತ್ರಿ, ಆಮೇಲೆ ಎರಡು ದಿನ, ಆಮೇಲೆ ಒಂದು ವಾರ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಭಜ್ಜಿ ರೊಟ್ಟಿ ಉಂಡು ಬರಲಿ ಎಂದು ಕಳಿಸುವುದು ಒಳ್ಳೆಯ ಮೊದಲ ಪರೀಕ್ಷೆ. ಆ ಒಂದೇ ದಿನದಲ್ಲಿ ನಿದ್ದೆ, ಜನಜಂಗುಳಿ, ಮನೆಯವರ ಮಾತಿನ ಧಾಟಿ ಮೂರೂ ತಿಳಿದುಬರುತ್ತವೆ. ಬರೀ ಚುಚ್ಚುಮಾತು ಕೇಳಿಬರುವ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎಂಬುದು ಹತ್ತಾರು ವರ್ಷಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ. ಹಾಗಾಗಿ ಮನೆಯವರ ತರಬೇತಿಯೂ ಕೇಂದ್ರದ ಕೆಲಸವೇ.

ಗುಳೆ ಮತ್ತು ತವರು

ಯಾದಗಿರಿ ಜಿಲ್ಲೆಯ ಎಷ್ಟೋ ಮನೆಗಳು ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಒಂದೊಂದು ತಿಂಗಳ ಮಾತ್ರೆಗೆ ಬರಬೇಕಾದವರು ಕಟ್ಟಡದ ಕೆಲಸದ ಜಾಗದಲ್ಲಿರುತ್ತಾರೆ. ಇಂಥವರಿಗೆ ಎರಡು ವಾರದಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ದೀರ್ಘಾವಧಿ ಚುಚ್ಚುಮದ್ದು ಹೊಂದುತ್ತದೆ. ಆದರೆ ಮುಂದಿನ ಡೋಸ್ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಎಂಬ ಚೀಟಿ ಜೇಬಿನಲ್ಲಿ ಇರಬೇಕು. ರೋಗಿಯೊಬ್ಬರನ್ನೇ ಮುದುಕರ ಕೈಗೆ ಒಪ್ಪಿಸಿ ಉಳಿದವರು ಗುಳೆ ಹೋಗುವುದೂ ಉಂಟು. ಆ ಕೆಲವು ತಿಂಗಳು ಮಾತ್ರ ಇರಿಸಿಕೊಳ್ಳುವ ಅಲ್ಪಾವಧಿ ವಾಸ ಈ ಭಾಗಕ್ಕೆ ಬೇಕಿರುವಷ್ಟು ಬೇರೆಡೆ ಬೇಕಿರಲಿಕ್ಕಿಲ್ಲ.

ಹೆಣ್ಣುಮಕ್ಕಳದ್ದು ಇನ್ನೊಂದು ಕತೆ. ಗಂಡನ ಮನೆಯವರು ‘ಗುಣ ಆಗಲಿ, ಕರ್ಕೊಂಡು ಹೋಗ್ತೀವಿ’ ಎಂದು ತವರಿಗೆ ಬಿಡುತ್ತಾರೆ. ತವರಿನವರು ಪಂಚಮಿವರೆಗೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಇಬ್ಬರಿಗೂ ಬೇಡ. ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕು ಉಳಿಸಿಕೊಳ್ಳಲು ಕಾನೂನು ನೆರವು ಕೊಡಬೇಕೆಂದು 19ನೇ ಸೆಕ್ಷನ್ ಹೇಳುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯೂ ಅದೇ ವಾಸದ ಹಕ್ಕನ್ನು ಕೊಡುತ್ತದೆ. ಕೇಂದ್ರದಲ್ಲಿ ಮನೋವೈದ್ಯರು ಇದ್ದರೆ ಸಾಲದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರ ಫೋನ್ ನಂಬರು ಗೋಡೆಯ ಮೇಲಿರಬೇಕು ಎನ್ನುವುದು ಇದಕ್ಕೇ.

ಮೂರು ಕಡೆಯ ವಾದ

ಮನೆಯವರ ವಾದ ನೇರ: ನಾವು ಸತ್ತ ಮೇಲೆ ಇವನನ್ನು ಯಾರು ನೋಡುತ್ತಾರೆ? ಅವರಿಗೆ ಬೇಕಿರುವುದು ಆರು ತಿಂಗಳ ಮನೆಯಲ್ಲ, ಕಾಯಂ ಆಸರೆ. ಇದನ್ನು ಸ್ವಾರ್ಥವೆಂದು ತಳ್ಳಿಹಾಕುವವರು ಎಪ್ಪತ್ತು ದಾಟಿದ ತಾಯಿಯೊಬ್ಬಳು ನಲವತ್ತೈದರ ಮಗನಿಗೆ ಸ್ನಾನ ಮಾಡಿಸುವ ಮನೆಯನ್ನು ನೋಡಿರಲಿಕ್ಕಿಲ್ಲ.

ಹಕ್ಕುಗಳ ಪರ ಮಾತಾಡುವವರ ಆತಂಕವೂ ಸುಳ್ಳಲ್ಲ. ಕಾಯಂ ಆಸರೆ ಎಂದು ಶುರುವಾದದ್ದು ಕಾಯಂ ಬೀಗವಾಗುತ್ತದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. ಮನೆಯವರು ನಂಬಿಕೆಯಿಂದಲೇ ಬಿಟ್ಟುಹೋದವರು ಅವರು. ಇದರ ಜಾಡು ನಮ್ಮಲ್ಲೂ ಇದೆ. ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಆರತಿಯ ಹೊತ್ತಿಗೆ ಮೈಮೇಲೆ ಬಂದವರನ್ನು ಕರೆತರುವುದು ಹಳೆಯ ರೂಢಿ. ನಂಬಿಕೆಗೆ ಬೈದು ಉಪಯೋಗವಿಲ್ಲ. ದತ್ತನ ದರ್ಶನವೂ ಆಗಲಿ, ಮಾತ್ರೆಯೂ ನಿಲ್ಲದಿರಲಿ ಎಂದರೆ ಜನ ಕೇಳುತ್ತಾರೆ. ಆದರೆ ಸರಪಳಿ ಎಲ್ಲಿ ಕಂಡರೂ ಅದು ಅಪರಾಧ. ಕಾಯ್ದೆಯ 95ನೇ ಸೆಕ್ಷನ್‌ನಲ್ಲಿ ಅದಕ್ಕೆ ವಿನಾಯಿತಿಯೇ ಇಲ್ಲ.

ಮೂರನೆಯ ವಾದ ಇಲಾಖೆಗಳದ್ದು, ಅದನ್ನು ವಾದ ಎನ್ನುವುದಕ್ಕಿಂತ ಕೈತೋರಿಕೆ ಎನ್ನಬೇಕು. ಚಿಕಿತ್ಸೆ ಆರೋಗ್ಯ ಇಲಾಖೆಯದು, ಅಂಗವಿಕಲರ ಪ್ರಮಾಣಪತ್ರ ಮತ್ತು ಪಿಂಚಣಿ ಇನ್ನೊಂದು ಕಡೆ, ಬೀದಿಯಲ್ಲಿ ಸಿಕ್ಕವರು ಸಮಾಜ ಕಲ್ಯಾಣದ ಪಾಲು. ಹಾಫ್‌ವೇ ಹೋಮ್‌ಗೆ ನೆರವು ಕೊಡುವ ಕೇಂದ್ರದ ದೀನದಯಾಳ್ ಅಂಗವಿಕಲರ ಪುನರ್ವಸತಿ ಯೋಜನೆ ಆರೋಗ್ಯ ಸಚಿವಾಲಯದಡಿ ಇಲ್ಲ, ಸಾಮಾಜಿಕ ನ್ಯಾಯ ಸಚಿವಾಲಯದಡಿ ಇದೆ. ಪ್ರಮಾಣಪತ್ರದಲ್ಲೂ ಒಂದು ಸಿಕ್ಕು. ಮಾನಸಿಕ ಕಾಯಿಲೆಯಿಂದಾದ ಅಂಗವೈಕಲ್ಯವನ್ನು ಲೆಕ್ಕ ಹಾಕುವ ‘ಐಡಿಯಾಸ್’ ಅಳತೆಯಲ್ಲಿ ಸ್ವಂತ ಆರೈಕೆ, ಒಡನಾಟ, ಸಂವಹನ, ಕೆಲಸ ಈ ನಾಲ್ಕಕ್ಕೆ ಅಂಕ ಕೊಟ್ಟು, ಕಾಯಿಲೆಯ ವರ್ಷಗಳಿಗೂ ಅಂಕ ಸೇರಿಸಿ, ಮೊತ್ತ 7 ಮುಟ್ಟಿದರೆ ಶೇ. 40ರ ಅಂಗವೈಕಲ್ಯ. ಕೇಂದ್ರದಲ್ಲಿ ಚೇತರಿಸಿಕೊಂಡಷ್ಟೂ ಅಂಕ ಇಳಿಯುತ್ತದೆ. ಗುಣವಾದರೆ ಪಿಂಚಣಿ ಹೋದೀತು ಎಂಬ ಭಯ ಮನೆಯವರಲ್ಲಿ ಹುಟ್ಟುವುದು ಹೀಗೆ.

ಬಳ್ಳಾರಿಯ ಪಾಠ

ಜಿಲ್ಲಾ ಮಟ್ಟದ ಮಾನಸಿಕ ಚಿಕಿತ್ಸೆಗೆ ದೇಶಕ್ಕೇ ಮಾದರಿಯಾದದ್ದು ನಮ್ಮದೇ ಭಾಗದ ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾತ್ರೆಯನ್ನು ಹಳ್ಳಿಗೆ ತಲುಪಿಸಿತು. 1996ರಲ್ಲಿ ಅದೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಆ ಮಾದರಿ ಹೊರರೋಗಿಗಳಿಗಾಗಿ ಕಟ್ಟಿದ್ದು. ವಾಸದ ಪ್ರಶ್ನೆ ಅದರೊಳಗೆ ಇರಲಿಲ್ಲ. ಈಗ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸೇರಿ ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇವೆ. ಫೋನಿನಲ್ಲಿ ಸಲಹೆ ಕೊಡುವ ಟೆಲಿ ಮಾನಸ್ 14416 ಕನ್ನಡದಲ್ಲೂ ಸಿಗುತ್ತದೆ. ಚಿಕಿತ್ಸೆಯ ಕೊಂಡಿ ಹತ್ತಿರ ಬಂದಿದೆ. ಅದರ ಪಕ್ಕದಲ್ಲಿ ವಾಸದ ಮನೆ ಇನ್ನು ಕಟ್ಟಬೇಕು.

ದೊಡ್ಡ ಕಟ್ಟಡವೋ, ಸಣ್ಣ ಮನೆಗಳೋ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿರುವ ಭಾಗದಲ್ಲಿ ಕಲಬುರಗಿಯ ಹೊರವಲಯದಲ್ಲಿ ನೂರು ಹಾಸಿಗೆಯ ಕೇಂದ್ರ ಕಟ್ಟೋಣ ಎಂಬ ಆಸೆ ಸುಲಭಕ್ಕೆ ಹುಟ್ಟುತ್ತದೆ. ಕಟ್ಟಡಕ್ಕೆ ಒಮ್ಮೆ ಹಣ ಬರುತ್ತದೆ, ಅಡಿಗಲ್ಲು, ಉದ್ಘಾಟನೆ ಆಗುತ್ತದೆ. ಸಂಬಳಕ್ಕೆ ಪ್ರತಿ ತಿಂಗಳು ಹಣ ಬೇಕು, ಅದಕ್ಕೆ ಉದ್ಘಾಟನೆ ಇಲ್ಲ. ಲೆಕ್ಕ ಹೀಗಿದೆ: ವಾರಕ್ಕೆ 168 ಗಂಟೆ. ಒಬ್ಬರು 48 ಗಂಟೆ ದುಡಿದರೆ, ಹಗಲು ರಾತ್ರಿ ಒಬ್ಬರು ಇರಬೇಕಾದ ಒಂದೇ ಒಂದು ಜಾಗಕ್ಕೆ ಮೂರೂವರೆ ಜನ, ರಜೆ ಹಿಡಿದರೆ ನಾಲ್ಕು. ಯಾವ ಹೊತ್ತಿನಲ್ಲೂ ಇಬ್ಬರು ಇರಬೇಕೆಂದರೆ ಎಂಟು. ಇದು ಅಡುಗೆಯವರು, ಸಮಾಜ ಕಾರ್ಯಕರ್ತರು, ದಾದಿಯರನ್ನು ಬಿಟ್ಟು. ನೇಮಕ ನಿಂತಾಗ ರಾತ್ರಿ ಪಾಳಿಗೆ ಒಬ್ಬರೇ ಉಳಿಯುತ್ತಾರೆ. ನಲವತ್ತು ಮಂದಿಗೆ ಒಬ್ಬರು ಎಂದಾದ ಮೇಲೆ ಗೇಟಿಗೆ ಬೀಗ ಬೀಳುತ್ತದೆ. ಕ್ರೌರ್ಯ ಯಾರ ಉದ್ದೇಶವೂ ಆಗಿರಬೇಕಿಲ್ಲ, ಪಾಳಿಯ ಪಟ್ಟಿ ಸಾಕು.

ಇನ್ನೊಂದು ದಾರಿ ಚೆನ್ನೈನ ದಿ ಬ್ಯಾನಿಯನ್ ಸಂಸ್ಥೆ 2015ರಿಂದ ‘ಹೋಮ್ ಅಗೇನ್’ ಹೆಸರಿನಲ್ಲಿ ನಡೆಸುತ್ತಿರುವುದು. ಊರಿನ ನಡುವೆ ಸಾಮಾನ್ಯ ಬಾಡಿಗೆ ಮನೆ, ನಾಲ್ಕೈದು ಮಂದಿ, ಜೊತೆಗೆ ನೆರವಿನ ಕಾರ್ಯಕರ್ತೆ. ವರ್ಷಾನುಗಟ್ಟಲೆ ಆಸ್ಪತ್ರೆಯಲ್ಲೇ ಕಳೆದ ಹೆಂಗಸರು ಅಲ್ಲಿ ಸಂತೆಗೆ ಹೋಗುತ್ತಾರೆ, ಅಡುಗೆ ಮಾಡುತ್ತಾರೆ. ಎಲ್ಲರಿಗೂ ಇದು ಹೊಂದುವುದಿಲ್ಲ. ಕಾಯಿಲೆ ಇನ್ನೂ ಏರಿಳಿತದಲ್ಲಿ ಇರುವವರಿಗೆ ಮೊದಲು ಹತ್ತು ಹನ್ನೆರಡು ಮಂದಿಯ ಹಾಫ್‌ವೇ ಹೋಮ್ ಬೇಕೇ ಬೇಕು. ಮೂರು ಜಿಲ್ಲೆಗಳಿಗೆ ವೈದ್ಯಕೀಯ ಕಾಲೇಜಿನ ಹತ್ತಿರ ಒಂದೊಂದು ಹಾಫ್‌ವೇ ಹೋಮ್, ಅದರ ಸುತ್ತ ಶಹಾಬಾದ್, ಶಹಾಪುರ, ಹುಮನಾಬಾದ್‌ನಂಥ ಊರುಗಳಲ್ಲಿ ಮೂರು ನಾಲ್ಕು ಗುಂಪು ಮನೆ ಎಂಬ ಜೋಡಣೆಯೇ ನೂರು ಹಾಸಿಗೆಗಿಂತ ಉಳಿಯುವ ಏರ್ಪಾಡು. ‘ನಾವು ಸತ್ತ ಮೇಲೆ’ ಎಂಬ ತಾಯಿಯ ಪ್ರಶ್ನೆಗೂ ಗುಂಪು ಮನೆಯಲ್ಲಿ ಜಾಗ ಇದೆ. ಅಲ್ಲಿ ಅವಧಿಯ ಗಡುವು ಬೇಕಿಲ್ಲ, ಬಾಗಿಲಿಗೆ ಬೀಗವೂ ಬೇಕಿಲ್ಲ.

ಇದು ತಪ್ಪುವ ಜಾಗವೂ ಗೊತ್ತಿರುವುದೇ. ಮನೆ ಮಾಲೀಕರು 11 ತಿಂಗಳ ಕರಾರು ಬರೆಯುತ್ತಾರೆ. ಓಣಿಯವರು ತಕರಾರು ಎತ್ತಿದರೆ ಹನ್ನೆರಡನೇ ತಿಂಗಳು ಮನೆ ಖಾಲಿ. ಅನುದಾನದ ಕಂತು ತಡವಾದರೆ ಮೊದಲು ನಿಲ್ಲುವುದು ಬಾಡಿಗೆ. ಹಾಗಾಗಿ ಕರಾರು ನಿವಾಸಿಗಳ ಹೆಸರಿನಲ್ಲೂ ಸಣ್ಣ ಸಂಸ್ಥೆಯ ಹೆಸರಿನಲ್ಲೂ ಇರದೆ, ಜಿಲ್ಲಾಡಳಿತ ಒಂದು ಪಕ್ಷವಾಗಿ ಕನಿಷ್ಠ ಮೂರು ವರ್ಷಕ್ಕೆ ನೋಂದಣಿಯಾಗಬೇಕು, ಆರು ತಿಂಗಳ ಬಾಡಿಗೆ ಠೇವಣಿಯಲ್ಲಿ ಇರಬೇಕು. ಈಗಲೇ ಕೇಂದ್ರ ಹುಡುಕುತ್ತಿರುವ ಮನೆಯವರು ಗೇಟಿನಲ್ಲಿ ಕೇಳಬೇಕಾದದ್ದು ಎರಡು: ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ, ಕಳೆದ ವರ್ಷ ಇಲ್ಲಿಂದ ಎಷ್ಟು ಜನ ಹೊರಗೆ ಹೋದರು, ಎಲ್ಲಿಗೆ ಹೋದರು? ಮೊದಲನೆಯದಕ್ಕೆ ಕಾಗದ ಸಿಕ್ಕರೂ ಎರಡನೆಯದಕ್ಕೆ ‘ಯಾರೂ ಹೋಗಿಲ್ಲ, ಎಲ್ಲರೂ ಇಲ್ಲೇ ಆರಾಮ ಇದ್ದಾರ್ರಿ’ ಎಂಬ ಉತ್ತರ ಬಂದರೆ, ನಿಮ್ಮವರನ್ನು ಕರೆದುಕೊಂಡು ಬಂದ ಬಸ್ಸಿನಲ್ಲೇ ವಾಪಸ್ ಹೊರಡಿ.